ವೀಪಿಂಗ್ ವಿಲ್ಲೋ ಬೋನ್ಸಾಯ್ ಕಿಟ್: ಕಲಬುರಗಿ ಬಿಸಿಲಿಗೆ ತಾಳುತ್ತದೆಯೇ?

ವೀಪಿಂಗ್ ವಿಲ್ಲೋ ಅಂದರೆ ಟೊಂಗೆಗಳು ಕೆಳಗೆ ಇಳಿಬೀಳುವ ಮರ, ಅದನ್ನು ಕುಂಡದಲ್ಲೇ ಗಿಡ್ಡವಾಗಿ ಬೆಳೆಸುವುದು ಬೋನ್ಸಾಯ್. ಆನ್‌ಲೈನ್‌ನಲ್ಲಿ ವಿಲ್ಲೋ ಬೋನ್ಸಾಯ್ ಕಿಟ್ ಹುಡುಕಿದರೆ ಹತ್ತಾರು ಮಾರಾಟಗಾರರು ಸಿಗುತ್ತಾರೆ. ಡಬ್ಬಿಯ ಮೇಲಿನ ಚಿತ್ರ ಬೇರೆ ಬೇರೆ, ಒಳಗಿನ ಸಾಮಾನು ಬಹುಪಾಲು ಒಂದೇ. ಪೆನ್ಸಿಲ್ ದಪ್ಪದ ಮೂರು ಕಡ್ಡಿ, ಆರು ಇಂಚಿನ ಪಿಂಗಾಣಿ ಕುಂಡ, ಒಂದು ಪೊಟ್ಟಣ ಮಣ್ಣಿನ ಮಿಶ್ರಣ, ಬೇರು ಬರಿಸುವ ಪುಡಿ, ಎರಡು ಸುರುಳಿ ಅಲ್ಯೂಮಿನಿಯಂ ತಂತಿ, ಜಾಲರಿ ತುಂಡು, ಸಣ್ಣ ಕತ್ತರಿ, ನಾಲ್ಕು ಪುಟದ ಕೈಪಿಡಿ. ಅಂಥ ಒಂದು ಕಿಟ್ಟಿನ ಒಂದೊಂದು ಸಾಮಾನನ್ನೂ ನಮ್ಮ ಬಿಸಿಲು, ನಮ್ಮ ನೀರು, ನಮ್ಮ ಮಣ್ಣಿಗೆ ಹಚ್ಚಿ ನೋಡಿದ ವಿಮರ್ಶೆ ಇದು. ಮಾರುವವರ ಹೆಸರು ಬೇಡ, ಈ ಮಾತು ಅವರೊಬ್ಬರಿಗೇ ಅನ್ವಯಿಸುವುದಿಲ್ಲ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಕಡ್ಡಿ, ತಂತಿ, ಜಾಲರಿ ಇವಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಕುಂಡ, ಮಣ್ಣು, ಕೈಪಿಡಿ ಮೂರೂ ಈ ಮರಕ್ಕೂ ಹೊಂದುವುದಿಲ್ಲ, ಈ ಊರಿಗೂ ಹೊಂದುವುದಿಲ್ಲ.

ಕೊಳ್ಳುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಕಿಟ್ಟಿನಲ್ಲಿ ಕಡ್ಡಿಯ ಬದಲು ಬೀಜದ ಪೊಟ್ಟಣ ಇದ್ದರೆ ತೆಗೆದುಕೊಳ್ಳಲೇಬೇಡಿ. ವಿಲ್ಲೋ ಬೀಜ ಹತ್ತಿಯಂಥ ಎಳೆ ಅಂಟಿಕೊಂಡ ಧೂಳಿನಷ್ಟು ಸಣ್ಣ ಕಾಳು. ಮರದಿಂದ ಉದುರಿದ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಅದರ ಮೊಳೆಯುವ ಶಕ್ತಿ ಹೋಗುತ್ತದೆ. ಗೋದಾಮಿನಲ್ಲಿ ಕೂತು, ಕೊರಿಯರ್‌ನಲ್ಲಿ ತಿರುಗಿ ಬಂದ ವಿಲ್ಲೋ ಬೀಜ ಯಾರ ಕೈಯಲ್ಲೂ ಮೊಳೆಯುವುದಿಲ್ಲ. ಎರಡನೆಯದು, ನರ್ಸರಿಗಳಲ್ಲಿ ವಿಲ್ಲೋ ಅಂತ ಕೊಡುವ ಸಸಿ ಎಷ್ಟೋ ಸಲ ಜೋತುಬೀಳುವ ಜಾತಿಯ ಬಾಟಲ್ ಬ್ರಷ್ ಆಗಿರುತ್ತದೆ. ಒಂದು ಎಲೆ ಕಿತ್ತು ಹೊಸಕಿ ಮೂಸಿ. ಖಾರವಾದ ಪರಿಮಳ ಬಂದು, ಎಲೆ ದಪ್ಪಗೆ ಚರ್ಮದ ಹಾಗಿದ್ದರೆ ಅದು ಬಾಟಲ್ ಬ್ರಷ್. ವಿಲ್ಲೋ ಎಲೆ ತೆಳ್ಳಗೆ, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲು, ಕೆಳಮೈ ಬೂದು ಛಾಯೆಯ ತಿಳಿಹಸಿರು, ಹೊಸಕಿದರೆ ಬರೀ ಹಸಿ ಎಲೆಯ ವಾಸನೆ. ಉರ್ದು ಬಲ್ಲ ಮಾಲಿಗಳ ಹತ್ತಿರ ‘ಬೇದ್ ಮಜನೂ’ ಅಂತ ಕೇಳಿದರೆ ಗೊಂದಲ ಕಡಿಮೆ.

ಕೈಪಿಡಿಯ ಮೊದಲ ಪುಟದಲ್ಲೇ ಒಂದು ತಪ್ಪಿದೆ, ಮುಂದಿನ ತಪ್ಪುಗಳೆಲ್ಲ ಅದರಿಂದಲೇ ಹುಟ್ಟಿದ ಹಾಗಿದೆ. ಇದು ಬ್ಯಾಬಿಲೋನಿನ ಮರ, ಹಾಗಾಗಿ ಮರುಭೂಮಿಯ ಬಿಸಿಲು ತಡೆಯುತ್ತದೆ ಅಂತ ಅಲ್ಲಿ ಬರೆದಿದ್ದಾರೆ. ಲಿನ್ನೇಯಸ್ 1753ರಲ್ಲಿ ಸ್ಯಾಲಿಕ್ಸ್ ಬ್ಯಾಬಿಲೋನಿಕಾ ಅಂತ ಹೆಸರಿಟ್ಟದ್ದು ನಿಜ, ಆದರೆ ಮರದ ಮೂಲ ಚೀನಾ. ನದಿ ದಂಡೆ, ಕೆರೆಯ ಅಂಚು ಇದರ ಮನೆ. ಕಾಲು ನೀರಲ್ಲಿ, ತಲೆ ಬಿಸಿಲಲ್ಲಿ ಇಟ್ಟುಕೊಂಡು ಬೆಳೆಯುವ ಮರವನ್ನು ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಅಂಗೈಯಗಲದ ಕುಂಡದಲ್ಲಿ ಇಡುತ್ತಿದ್ದೇವೆ ಅನ್ನುವುದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇನ್ನು ಕಡ್ಡಿಗಳು. ವಿಲ್ಲೋದಷ್ಟು ಸಲೀಸಾಗಿ ಕಡ್ಡಿಯಿಂದ ಬೇರು ಬಿಡುವ ಮರ ಅಪರೂಪ. ಕೊಂಬೆಯಲ್ಲೇ ಬೇರು ಬರಿಸುವ ಹಾರ್ಮೋನು ಇರುತ್ತದೆ. ಅದಕ್ಕೇ ಕಿಟ್ಟಿನಲ್ಲಿರುವ ಬೇರಿನ ಪುಡಿ ಈ ಮರಕ್ಕೆ ಬೇಕಿಲ್ಲ, ದಾಸವಾಳದ ಕಡ್ಡಿಗೆ ಬಳಸಿಕೊಳ್ಳಿ. ಬಂದ ಕೂಡಲೇ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದು ಬಣ್ಣವಿದ್ದರೆ ಅದೇ ದಿನ ಫೋಟೊ ತೆಗೆದು ವಾಪಸ್ಸಿಗೆ ಹಾಕಿ. ಜೀವ ಇರುವ ಕಡ್ಡಿಯ ಬುಡವನ್ನು ಕಾಲಿಂಚು ಓರೆಯಾಗಿ ಕತ್ತರಿಸಿ ಒಂದು ರಾತ್ರಿ ನೀರಲ್ಲಿ ನಿಲ್ಲಿಸಿ. ಬಾಟಲಿ ನೀರಿನಲ್ಲೇ ಬೇರು ಬರಿಸಿ ಅಂತ ಕೈಪಿಡಿ ಹೇಳುತ್ತದೆ. ಎರಡು ವಾರದೊಳಗೆ ಬೇರು ಬರುತ್ತದೆ, ಅದು ಸುಳ್ಳಲ್ಲ. ಆದರೆ ನೀರಲ್ಲಿ ಬಂದ ಬೇರು ಬಿಳಿಯಾಗಿ ಪಟಕ್ಕನೆ ಮುರಿಯುವಂಥದ್ದು, ಮಣ್ಣಿಗೆ ಇಳಿಸುವಾಗ ಅರ್ಧ ಹೋಗಿಬಿಡುತ್ತದೆ. ದಪ್ಪ ಮರಳು ಅಥವಾ ಇಟ್ಟಿಗೆ ಕಡಿ ತುಂಬಿದ ಡಬ್ಬಿಗೆ ನೇರವಾಗಿ ಮೂರು ಇಂಚು ಆಳ ಊರಿ, ಮೇಲಿನ ಕಡಿದ ಬಾಯಿಗೆ ಮೇಣ ಹಚ್ಚಿ ನೆರಳಲ್ಲಿಡಿ. ಮೊಗ್ಗಿನ ತುದಿ ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ಊರಿದ ಕಡ್ಡಿ ಚಿಗುರಿದರೂ ಬಲವಾಗಿ ಬೆಳೆಯುವುದಿಲ್ಲ.

ಕಡ್ಡಿಯ ಬಗ್ಗೆ ನನಗಿರುವ ತಕರಾರು ಒಂದೇ, ಅದರ ದಪ್ಪ. ಪೆನ್ಸಿಲ್ ಕಡ್ಡಿ ಕಾಂಡವಾಗಿ ಕಾಣುವಷ್ಟು ದಪ್ಪವಾಗಲು ವರ್ಷಗಳು ಬೇಕು, ಅದೂ ದೊಡ್ಡ ತೊಟ್ಟಿಯಲ್ಲಿ ಬಿಟ್ಟು ಬೆಳೆಸಿದರೆ ಮಾತ್ರ. ವಿಲ್ಲೋದಲ್ಲಿ ಹೆಬ್ಬೆರಳು ದಪ್ಪದ್ದಿರಲಿ, ಮುಂಗೈ ದಪ್ಪದ ಒಂದೂವರೆ ಅಡಿ ತುಂಡು ಕೂಡ ಬೇರು ಬಿಡುತ್ತದೆ. ಈ ಅನುಕೂಲ ಬೇರೆ ಮರಗಳಲ್ಲಿ ಕಡಿಮೆ. ಮಾರುವವರಿಗೆ ಬರೆದು ಕೇಳಿ, ಕಿಟ್ ಬಿಟ್ಟು ಬರೀ ದಪ್ಪ ಕಡ್ಡಿ ಕಳಿಸುತ್ತೀರಾ ಅಂತ. ಕಳಿಸಿದರೆ ಅದೇ ಒಳ್ಳೆಯ ವ್ಯಾಪಾರ. ತರಿಸಬೇಕಾದದ್ದು ಡಿಸೆಂಬರ್, ಜನವರಿಯಲ್ಲಿ, ಎಳ್ಳಮಾವಾಸ್ಯೆಯ ಆಸುಪಾಸು. ಆಗ ಮರ ನಿದ್ದೆಯಲ್ಲಿರುತ್ತದೆ, ದಾರಿಯ ಬಿಸಿಯೂ ಇರುವುದಿಲ್ಲ. ಮಾರ್ಚ್ ನಂತರ ತರಿಸಿದ ಕಡ್ಡಿ ಪ್ಲಾಸ್ಟಿಕ್ ಚೀಲದೊಳಗೆ ಬೆಂದೇ ಬರುತ್ತದೆ.

ಕುಂಡದ ವಿಷಯದಲ್ಲಿ ಕಿಟ್ ಪೂರ್ತಿ ಸೋತಿದೆ. ಕಾರಣ ಎರಡು. ಮೊದಲನೆಯದು ಅಂದ. ವಿಲ್ಲೋ ಎಲೆ 8ರಿಂದ 15 ಸೆಂ.ಮೀ. ಉದ್ದ. ಫೈಕಸ್ (ಆಲ, ಅರಳಿಯ ಜಾತಿ) ಎಲೆಯ ಹಾಗೆ ಇದನ್ನು ಸವರಿ ಸವರಿ ಚಿಕ್ಕದು ಮಾಡಲು ಬರುವುದಿಲ್ಲ. ಅಷ್ಟುದ್ದ ಎಲೆ, ಕೆಳಗೆ ಇಳಿಬಿದ್ದ ಟೊಂಗೆ, ಇವೆರಡಕ್ಕೂ ಜಾಗ ಬೇಕೆಂದರೆ ಮರ ಕನಿಷ್ಠ ಎರಡಡಿ ಎತ್ತರ ಇರಬೇಕು. ಮೂರಡಿಯಾದರೆ ಇನ್ನೂ ಚೆಂದ. ಡಬ್ಬಿಯ ಚಿತ್ರದಲ್ಲಿ ತೋರಿಸಿದ ಅಂಗೈ ಮೇಲಿನ ವಿಲ್ಲೋ ಆಗುವ ಮಾತಲ್ಲ. ಎರಡನೆಯದು ನೀರು. ಆರು ಇಂಚು ಉದ್ದ, ಎರಡು ಇಂಚು ಆಳದ ಕುಂಡ ಒಂದು ಲೀಟರ್ ಮಣ್ಣನ್ನೂ ಹಿಡಿಯುವುದಿಲ್ಲ. ಎಲೆ ತುಂಬಿದ ವಿಲ್ಲೋ ಆ ಮಣ್ಣಿನ ತೇವವನ್ನು ಬೇಸಿಗೆಯ ಒಂದೇ ಮುಂಜಾನೆಯಲ್ಲಿ ಹೀರಿಬಿಡುತ್ತದೆ, ಮಧ್ಯಾಹ್ನಕ್ಕೆ ಎಲೆ ತುದಿ ಸುಟ್ಟಿರುತ್ತದೆ. ಜೊತೆಗೆ ಆ ಕುಂಡಕ್ಕೆ ಬಿಸಿಲು ಹೀರುವ ಕಡುನೀಲಿ ಬಣ್ಣ, ತಳದಲ್ಲಿ ಒಂದೇ ತೂತು. ಮೊದಲ ಮೂರು ವರ್ಷಕ್ಕೆ 14 ಇಂಚು ಅಗಲ, 6 ಇಂಚು ಆಳದ ಮಣ್ಣಿನ ಅಥವಾ ಸಿಮೆಂಟಿನ ತೊಟ್ಟಿ ತನ್ನಿ. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ನಾಲ್ಕು ತೂತು ಇರಲಿ. ಕಿಟ್ಟಿನ ಜಾಲರಿ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಂಡ ಮನಸ್ಸಿಗೆ ಬಂದ ಮೇಲೆ ಬೋನ್ಸಾಯ್ ಕುಂಡಕ್ಕೆ ಬದಲಾಯಿಸಿದರಾಯಿತು, ಆಗಲೂ ನಾಲ್ಕು ಇಂಚಿಗಿಂತ ಕಡಿಮೆ ಆಳದ್ದು ಬೇಡ.

ನಮ್ಮ ಕಡೆಯ ಮಾಳಿಗೆಗಳಲ್ಲಿ ಹಾಸಿರುವುದು ಹೆಚ್ಚಾಗಿ ಶಹಾಬಾದ್ ಕಲ್ಲು. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಲ್ಲಲಾಗುವುದಿಲ್ಲ. ಅಂಥ ಕಲ್ಲಿನ ಮೇಲೆ ನೇರವಾಗಿ ಇಟ್ಟ ಕುಂಡದಲ್ಲಿ ಬೇರು ಬೇಯುತ್ತದೆ. ಎಷ್ಟೇ ನೀರು ಹಾಕಿದರೂ ಮರ ಒಣಗಿತು ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎರಡು ಇಟ್ಟಿಗೆ, ಅವುಗಳ ಮೇಲೆ ಹಲಗೆ, ಅದರ ಮೇಲೆ ಕುಂಡ. ಸುತ್ತ ಒದ್ದೆ ಗೋಣಿ ಚೀಲ ಸುತ್ತಿ. ಗೋಣಿಗೆ ಗೆದ್ದಲು ಹತ್ತುವುದುಂಟು, ವಾರಕ್ಕೊಮ್ಮೆ ಬಿಚ್ಚಿ ನೋಡಬೇಕು. ಮಾರ್ಚ್ ಸುಮಾರಿಗೆ, ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಮೇಲೆ ಶೇ. 50ರ ಹಸಿರು ನೆರಳು ಬಲೆ ಕಟ್ಟಿರಬೇಕು. ಬೆಳಗಿನ ಬಿಸಿಲು ಹತ್ತು ಗಂಟೆವರೆಗೆ ನೇರವಾಗಿ ಬಿದ್ದರೆ ಒಳ್ಳೆಯದೇ, ಪಡುವಣ ಬಿಸಿಲು ಮತ್ತು ಒಣಗಾಳಿ ಮಾತ್ರ ತಪ್ಪಿಸಲೇಬೇಕು. ಬೀದರ್ ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಲ್ಲಿ ಚಳಿಯೂ ಸ್ವಲ್ಪ ಹೆಚ್ಚು, ರಾತ್ರಿ ಬೇಗ ತಂಪಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಊರುಗಳಲ್ಲಿ ವಿಲ್ಲೋಗೆ ಹೆಚ್ಚು ಒಗ್ಗುವುದು ಬೀದರ್. ಯಾದಗಿರಿಯಲ್ಲಿ ಬೇಸಿಗೆಯ ಕಾವಲು ಇನ್ನೂ ಬಿಗಿಯಾಗಿರಬೇಕು.

ಮಣ್ಣಿನ ಪೊಟ್ಟಣ ಬಿಚ್ಚಿದರೆ ಕೈಗೆ ಬರುವುದು ಮುಕ್ಕಾಲು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಇದು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಮೇಲೆ ಹಾಕಿದ ನೀರು ಅಂಚಿನಿಂದ ಇಳಿದು ಹೋಗುತ್ತದೆ, ನಡುವಿನ ಬೇರಿಗೆ ಹನಿಯೂ ತಲುಪುವುದಿಲ್ಲ. ತಳದಿಂದ ನೀರು ಸುರಿಯಿತಲ್ಲ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಮಳೆಗಾಲದಲ್ಲಿ ಇದಕ್ಕೆ ಉಲ್ಟಾ, ಒಣಗುವುದೇ ಇಲ್ಲ. ಹಾಗಂತ ಹೊಲದ ಎರೆಮಣ್ಣು ತುಂಬಿದರೆ ಇನ್ನೂ ಕೇಡು. ಎರೆ ಒದ್ದೆಯಾದಾಗ ಉಬ್ಬಿ ಗಾಳಿ ಮುಚ್ಚುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ನೀರು ಬೇಡುವ ಮರವಾದರೂ ವಿಲ್ಲೋ ಬೇರಿಗೆ ಗಾಳಿ ಬೇಕೇಬೇಕು.

ಇಲ್ಲಿಗೆ ಹೊಂದುವ ಮಿಶ್ರಣ ಹೀಗೆ: ಒಡೆದ ಇಟ್ಟಿಗೆ ಕಡಿ ನಾಲ್ಕು ಪಾಲು, ಬೀದರ್ ಕಡೆಯ ಕೆಂಪು ಮೊರಂ (ಗರಸು ಮಣ್ಣು) ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ ಎರಡು ಪಾಲು, ಕಿಟ್ಟಿನ ಕೋಕೋಪೀಟ್ ಒಂದು ಪಾಲು. ಇಟ್ಟಿಗೆ, ಮೊರಂ ಎರಡನ್ನೂ ಜರಡಿ ಹಿಡಿದು 3ರಿಂದ 6 ಮಿ.ಮೀ. ಕಾಳು ಮಾತ್ರ ಉಳಿಸಿ, ಧೂಳನ್ನು ತೊಳೆದು ಹಾಕಿ. ತೊಳೆಯದೆ ಹಾಕಿದರೆ ಆ ಧೂಳು ತಳಕ್ಕೆ ಇಳಿದು ಗಾರೆಯ ಹಾಗೆ ಕೂರುತ್ತದೆ. ಸುಲಭವಾಗಿ ಸಿಗುತ್ತದೆ ಅಂತ ಶಹಾಬಾದ್ ಕಲ್ಲಿನ ಚೂರನ್ನು ಬೆರೆಸಬೇಡಿ. ಅದು ಸುಣ್ಣದ ಕಲ್ಲು. ಬೋರ್‌ವೆಲ್ ನೀರೇ ಗಡಸಾಗಿರುವ ಕಡೆ ಇದೂ ಸೇರಿದರೆ ಮಣ್ಣಿನ ಪಿಎಚ್ (ಕ್ಷಾರದ ಮಟ್ಟ) ಏರಿ, ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆಯಲ್ಲಿ ನರ ಹಸಿರು, ನಡುವಿನ ಜಾಗ ಹಳದಿ, ಇದು ಅದರ ಗುರುತು. ಹಳೆಯ ಎಲೆ ಮೊದಲು ಹಳದಿಯಾದರೆ ಕಾರಣ ಬೇರೆ, ಸಾಮಾನ್ಯವಾಗಿ ಸಾರಜನಕದ ಕೊರತೆ ಅಥವಾ ಒಣಗು. ಕಬ್ಬಿಣದ ಕೊರತೆಗೆ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಇಡಿಟಿಎ ಕಬ್ಬಿಣವನ್ನು (ನೀರಲ್ಲಿ ಕರಗುವ ಕಬ್ಬಿಣದ ಗೊಬ್ಬರ) ಮಣ್ಣಿಗೆ ಹಾಕಿದರೆ ಸುಣ್ಣದ ಮಣ್ಣಿನಲ್ಲಿ ಕೆಲಸ ಮಾಡದು. ಅದನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಮಣ್ಣಿಗೇ ಹಾಕುವುದಾದರೆ ಇಡಿಡಿಎಚ್‌ಎ ಬಗೆಯದ್ದು ಬೇಕು. ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡರೆ ಅರ್ಧ ತೊಂದರೆ ತೀರಿತು. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಮಾತ್ರ ಎಂದೂ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಕುಂಡವನ್ನು ಸದಾ ನೀರಿನ ತಟ್ಟೆಯಲ್ಲಿಡಿ ಅಂತ ಕೈಪಿಡಿ ಹೇಳುವುದು ಅರ್ಧ ಸತ್ಯ. ಮಾರ್ಚ್‌ನಿಂದ ಜೂನ್‌ನ ಮಿರಗದ ಮಳೆ ಕೂಡುವವರೆಗೆ ತಟ್ಟೆಯಲ್ಲಿ ಒಂದಿಂಚು ನೀರು ಇರಲಿ, ತಟ್ಟೆ ನೆರಳಲ್ಲಿರಲಿ. ಬಿಸಿಲಲ್ಲಿಟ್ಟ ತಟ್ಟೆಯ ನೀರು ಮಧ್ಯಾಹ್ನಕ್ಕೆ ಕಾದು ಬೇರಿಗೆ ಕುತ್ತಾಗುತ್ತದೆ. ದಿನಾ ಚೆಲ್ಲಿ ಹೊಸದು ಹಾಕಿ, ಇಲ್ಲವಾದರೆ ಸೊಳ್ಳೆ ಮರಿ ಗ್ಯಾರಂಟಿ. ಮಳೆ ಹಿಡಿದ ಮೇಲೆ ತಟ್ಟೆ ತೆಗೆದುಬಿಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಒಮ್ಮೆ, ಸಂಜೆ ಬಿಸಿಲು ಇಳಿದ ಮೇಲೆ ಒಮ್ಮೆ ತಳದಿಂದ ಹರಿಯುವಷ್ಟು ನೀರು ಕೊಡಬೇಕು. ಮಾಳಿಗೆ ಟ್ಯಾಂಕಿನಿಂದ ಬರುವ ಪೈಪಿನ ಮೊದಲ ನೀರು ಕುದಿಯುವಂತಿರುತ್ತದೆ, ಅದನ್ನು ಬಿಟ್ಟು ತಣ್ಣಗಾದ ಮೇಲೆ ಹಿಡಿಯಿರಿ.

ತಂತಿ ಚೆನ್ನಾಗಿದೆ. 1.5 ಮತ್ತು 2.5 ಮಿ.ಮೀ. ಎರಡೂ ಇವೆ, ಮೃದುವಾಗಿ ಬಾಗುತ್ತವೆ, ಬಣ್ಣ ಉದುರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಬೈಂಡಿಂಗ್ ವೈರ್ ತುಕ್ಕು ಹಿಡಿದು ತೊಗಟೆ ಕೊರೆಯುತ್ತದೆ, ಆದ್ದರಿಂದ ಕಿಟ್ಟಿನ ತಂತಿಯನ್ನು ಜೋಪಾನವಾಗಿಡಿ. ಕೊಂಬೆಯ ಮೂರನೇ ಒಂದರಷ್ಟು ದಪ್ಪದ ತಂತಿ ಸಾಕು.

ತಂತಿ ಕಟ್ಟುವ ವಿಧಾನಕ್ಕೆ ಕೈಪಿಡಿಯಲ್ಲಿ ಎರಡೇ ಸಾಲು, ಈ ಮರದ ಅಂದವೆಲ್ಲ ಇರುವುದು ಮಾತ್ರ ಇಲ್ಲೇ. ವಿಲ್ಲೋ ತಾನಾಗಿ ಜೋತುಬೀಳುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ದೊಡ್ಡ ಮರದಲ್ಲಿ ಟೊಂಗೆಯ ಉದ್ದ, ಭಾರ ಸೇರಿ ಅದು ಆಗುತ್ತದೆ. ಕುಂಡದ ಮರದಲ್ಲಿ ಹೊಸ ಚಿಗುರು ಮೊದಲು ಮೇಲಕ್ಕೇ ಹೋಗುತ್ತದೆ. ಅದನ್ನು ಕೈಯಾರೆ ಇಳಿಸಬೇಕು. ಚಿಗುರು ಪೂರಾ ಹಸಿರಾಗಿದ್ದಾಗ ಮುಟ್ಟಿದರೆ ಬುಡದಲ್ಲಿ ಕಳಚಿಕೊಳ್ಳುತ್ತದೆ. ಬುಡದ ಎರಡು ಇಂಚು ಹಳದಿ-ಕಂದು ಬಣ್ಣಕ್ಕೆ ತಿರುಗಿದಾಗ ತಂತಿ ಸುತ್ತಿ. ಎಡಗೈ ಹೆಬ್ಬೆರಳನ್ನು ಸಂದಿಯ ಕೆಳಗೆ ಒತ್ತಿ ಹಿಡಿದು, ಟೊಂಗೆಯನ್ನು ಮೊದಲು ಸ್ವಲ್ಪ ಮೇಲೆತ್ತಿ ಹೊರಕ್ಕೆ ತಂದು, ಅಲ್ಲಿಂದ ಕೆಳಗೆ ಬಾಗಿಸಿ. ಕಾಂಡದಿಂದ ನೇರವಾಗಿ ಕೆಳಗೆ ತಿರುಚಿದರೆ ಟೊಂಗೆ ಮುರಿದು ನೇತಾಡುವ ಹಾಗೆ ಕಾಣುತ್ತದೆ. ಮೇಲೆದ್ದು ಇಳಿದರೆ ಕಾರಂಜಿಯ ನೀರು ಬಿದ್ದ ಹಾಗೆ ಕಾಣುತ್ತದೆ. ತೆಳು ತುದಿಗೆ ತಂತಿ ಬೇಡ, ಹತ್ತಿ ದಾರ ಕಟ್ಟಿ ಕುಂಡದ ಅಂಚಿಗೆ ಎಳೆದು ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಬೆ ಎಷ್ಟು ಬೇಗ ದಪ್ಪವಾಗುತ್ತದೆಂದರೆ, ನಾಲ್ಕು ವಾರಕ್ಕೆ ತಂತಿ ತೊಗಟೆಯೊಳಗೆ ಕಚ್ಚತೊಡಗುತ್ತದೆ. ಬಿಚ್ಚಲು ಹೋಗಬೇಡಿ, ಕಟರ್‌ನಿಂದ ಒಂದೊಂದೇ ಸುತ್ತು ಕತ್ತರಿಸಿ ತೆಗೆಯಿರಿ. ಟೊಂಗೆ ಮತ್ತೆ ಮೇಲೆದ್ದರೆ ಜಾಗ ಬದಲಿಸಿ ಮತ್ತೆ ಸುತ್ತಿ.

ಕಿಟ್ಟಿನ ಕತ್ತರಿ ದಾರ, ಎಲೆ ಕತ್ತರಿಸಲು ಸರಿ. ಬೆರಳು ದಪ್ಪದ ಟೊಂಗೆಗೆ ಹಾಕಿದರೆ ಕತ್ತರಿಸುವುದಿಲ್ಲ, ಜಜ್ಜುತ್ತದೆ. ವಿಲ್ಲೋ ಮೆದು ಮರ, ಜಜ್ಜಿದ ಗಾಯದಿಂದ ಕೊಳೆ ಒಳಕ್ಕಿಳಿಯುತ್ತದೆ. ದೊಡ್ಡ ಗಾಯಕ್ಕೆ ಮೇಣ ಹಚ್ಚಲೇಬೇಕು.

ಹದಿನೈದು ದಿನಕ್ಕೊಮ್ಮೆ ತುದಿ ಚಿವುಟಿ ಅಂತ ಕೈಪಿಡಿಯಲ್ಲಿರುವುದು ಫೈಕಸ್‌ಗೆ ಹೇಳುವ ಮಾತು. ವಿಲ್ಲೋ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ, ಇಳಿಬೀಳುವ ಉದ್ದನೆಯ ಎಳೆ ಸಿಗುವುದೇ ಇಲ್ಲ. ಬೆಳೆಯುವ ಕಾಲದಲ್ಲಿ ಕಾಂಡದ ಮೇಲೆ ಬೇಡದ ಕಡೆ ಎದ್ದ ಮೊಳಕೆ, ಟೊಂಗೆಯ ಅಡಿಯಿಂದ ಹೊರಟ ಚಿಗುರು, ಇವನ್ನಷ್ಟೇ ಉಜ್ಜಿ ತೆಗೆಯಿರಿ. ದೊಡ್ಡ ಸವರುವಿಕೆ ವರ್ಷಕ್ಕೊಂದೇ, ಜನವರಿ ಕೊನೆಯಲ್ಲಿ, ಮೊಗ್ಗು ಉಬ್ಬುವ ಮೊದಲು. ಹಿಂದಿನ ವರ್ಷದ ಉದ್ದನೆಯ ಎಳೆಗಳನ್ನೆಲ್ಲ ಬುಡದಲ್ಲಿ ಒಂದೆರಡು ಮೊಗ್ಗು ಉಳಿಸಿ ಕತ್ತರಿಸಬೇಕು, ಉಳಿಸಿದ ಕೊನೆಯ ಮೊಗ್ಗು ಮೇಲ್ಮುಖವಾಗಿರಬೇಕು. ಕೈ ನಡುಗುತ್ತದೆ, ಆದರೂ ಮಾಡಲೇಬೇಕು. ಈ ಮರದಲ್ಲಿ ಚೆನ್ನಾಗಿದ್ದ ಟೊಂಗೆ ಕಾರಣ ಗೊತ್ತಾಗದೆ ಒಣಗುವುದು ಸಾಮಾನ್ಯ, ಅದಕ್ಕೆ ಮೊದಲ ವರ್ಷಗಳಲ್ಲಿ ಬೇಕಾದದ್ದಕ್ಕಿಂತ ಎರಡು ಮೂರು ಟೊಂಗೆ ಹೆಚ್ಚೇ ಇಟ್ಟುಕೊಳ್ಳಿ.

ಅದೇ ಜನವರಿ ಕೊನೆಯಲ್ಲಿ ಕುಂಡ ಬದಲಿಸುವ ಕೆಲಸವೂ ಆಗಲಿ. ಒಂದೇ ವರ್ಷದಲ್ಲಿ ಬೇರು ಕುಂಡ ತುಂಬಿ ಸುತ್ತಿಕೊಂಡಿರುತ್ತದೆ, ಮರವನ್ನು ಮಣ್ಣಿನ ಸಮೇತ ಮೇಲಕ್ಕೆ ತಳ್ಳಿರುತ್ತದೆ. ಮೂರನೇ ಒಂದರಿಂದ ಅರ್ಧದಷ್ಟು ಬೇರು ಕತ್ತರಿಸಿ ಹೊಸ ಮಣ್ಣು ಕೊಡಿ. ಹಾಕಿದ ನೀರು ಮೇಲೇ ನಿಲ್ಲತೊಡಗಿದರೆ ಜುಲೈಯಲ್ಲಿ ಇನ್ನೊಮ್ಮೆ. ಏಪ್ರಿಲ್, ಮೇ ತಿಂಗಳಲ್ಲಿ ಬೇರಿಗೆ ಕೈ ಹಾಕಲೇಬೇಡಿ.

ಗೊಬ್ಬರಕ್ಕೆ ಕಿಟ್ಟಿನಲ್ಲಿ ಏನೂ ಇಲ್ಲ, ಕೊರತೆಯೂ ಅಲ್ಲ. ಗಂಜ್‌ನಲ್ಲಿ ಸಿಗುವ ಶೇಂಗಾ ಹಿಂಡಿ ಮತ್ತು ಬೇವಿನ ಹಿಂಡಿ ಸಮಪಾಲು ಬೆರೆಸಿ, 14 ಇಂಚಿನ ತೊಟ್ಟಿಗೆ ಎರಡು ಚಮಚ, ಮೂರು ವಾರಕ್ಕೊಮ್ಮೆ. ಮಳೆಗಾಲದಲ್ಲಿ ನಡುನಡುವೆ ಲೀಟರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ). ಮೇ ತಿಂಗಳ ಉರಿಯಲ್ಲಿ, ನವೆಂಬರ್‌ನಿಂದ ಜನವರಿವರೆಗೆ ಎರಡೂ ಬಂದ್.

ಏಪ್ರಿಲ್‌ನಲ್ಲಿ ಎಲೆ ಮೇಲೆ ಬೂದಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಕಂಡರೆ ಅದು ನುಸಿ. ಮೂರು ದಿನ ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ. ನಿಲ್ಲದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ಸೋಪು ದ್ರಾವಣ ಬೆರೆಸಿ ಸಂಜೆ ಮಾತ್ರ ಸಿಂಪಡಿಸಿ, ಹಗಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗಿಡದ ಹೇನಿಗೂ ಇದೇ ಮದ್ದು. ಕಾಂಡದ ಬುಡದಲ್ಲಿ ಮರದ ಹುಡಿ ಉದುರಿದ್ದರೆ ಮಾತ್ರ ತಡಮಾಡಬೇಡಿ. ಕೊರಕ ಹುಳು ಒಳಗಿದೆ ಎಂದರ್ಥ. ತೂತಿಗೆ ತೆಳು ತಂತಿ ತೂರಿಸಿ ಹುಳು ಕೊಂದು, ಬೇವಿನ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮೇಣದಿಂದ ಮುಚ್ಚಿ.

ಇಷ್ಟೆಲ್ಲ ಓದಿದ ಮೇಲೆ ಕಿಟ್ ಕೊಳ್ಳಬೇಕೆ? ತಂತಿ, ಜಾಲರಿ, ಕತ್ತರಿ ಈಗಾಗಲೇ ಮನೆಯಲ್ಲಿದ್ದರೆ ಬೇಡ, ದಪ್ಪ ಕಡ್ಡಿ ಮಾತ್ರ ತರಿಸಿ, ಉಳಿದ ದುಡ್ಡನ್ನು ತೊಟ್ಟಿಗೂ ನೆರಳು ಬಲೆಗೂ ಹಾಕಿ. ಏನೂ ಇಲ್ಲದ ಹೊಸಬರು ಡಿಸೆಂಬರ್‌ನಲ್ಲಿ ತರಿಸಿದರೆ ಕಲಿಯಲು ಅಡ್ಡಿಯಿಲ್ಲ, ಕುಂಡವನ್ನು ಜೇಡ್ ಗಿಡಕ್ಕೆ ಇಟ್ಟುಕೊಳ್ಳಬಹುದು. ಆದರೆ ಬೇಸಿಗೆಯ ಮದುವೆ ಸೀಜನ್‌ನಲ್ಲಿ ಮನೆಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋಗುವವರು, ನೀರು ಹಾಕಲು ನೆರೆಯವರಾಗಲಿ ಟೈಮರ್ ಹಾಕಿದ ಡ್ರಿಪ್ ಆಗಲಿ ಇಲ್ಲದವರು ವಿಲ್ಲೋಗೆ ಕೈ ಹಾಕದಿರುವುದೇ ಲೇಸು. ಅಂಥವರಿಗೆ ಅದೇ ಇಳಿಬಿದ್ದ ಅಂದ ಕೊಡುವ, ನಮ್ಮ ಬಿಸಿಲನ್ನು ಹೆಚ್ಚು ತಡೆಯುವ ಎರಡು ಗಿಡಗಳಿವೆ: ಫೈಕಸ್ ಬೆಂಜಮಿನಾ, ಮತ್ತು ಮೇಲೆ ಹೇಳಿದ ಜೋತುಬೀಳುವ ಬಾಟಲ್ ಬ್ರಷ್. ನರ್ಸರಿಯಲ್ಲಿ ಅದನ್ನು ಅದರದೇ ಹೆಸರಲ್ಲಿ ಕೇಳಿ, ಕಾಂಡ ಹೆಬ್ಬೆರಳಿಗಿಂತ ದಪ್ಪ ಇರುವುದನ್ನು ಆರಿಸಿಕೊಳ್ಳಿ.